ಹೊಟ್ಟೆಗೆ ಕೊಟ್ಟದ್ದನ್ನು ಎಲ್ಲಿ ತೆಗೆಯುವುದು: ಕೌಲ್ ಬಜಾರಿನ ಪ್ಯಾಂಟು ಮಾಸ್ಟರ್

ನಾಳೆ ಮದುವೆ, ಇವತ್ತೇ ಪ್ಯಾಂಟು ಬೇಕು ಎನ್ನುವವರು ಈ ಅಂಗಡಿಯ ಕಡೆ ತಲೆ ಹಾಕಬೇಡಿ. ಮಾಸ್ಟರ್ "ಗುರುವಾರ ಬನ್ನಿ ಸರ್" ಎನ್ನುತ್ತಾರೆ. ಯಾವ ಗುರುವಾರ ಎಂದು ಅವರು ಹೇಳುವುದಿಲ್ಲ, ತಿಳಿದವರು ಕೇಳುವುದೂ ಇಲ್ಲ. ರಂಜಾನ್ ತಿಂಗಳಲ್ಲಿ ಬಟ್ಟೆ ಕೊಟ್ಟರೆ ಹಬ್ಬ ಮುಗಿದ ಮೇಲೆ ಕೈಗೆ ಸಿಗುತ್ತದೆ. ದುರ್ಗಮ್ಮನ ಸಿಡಿಬಂಡಿಯ ವಾರ ಕೊಟ್ಟರಂತೂ ಕೊಟ್ಟದ್ದನ್ನೇ ಮರೆತುಬಿಡುವುದು ಒಳ್ಳೆಯದು. ಇಷ್ಟಾದರೂ ಇಪ್ಪತ್ತೈದು ವರ್ಷಗಳಿಂದ ನಾನು ಇಲ್ಲಿಯೇ ಹೊಲಿಸುತ್ತಿದ್ದೇನೆ. ನಡುವೆ ಒಂದು ಸಲ ಮಾತ್ರ ದಾರಿ ತಪ್ಪಿದೆ, ಅದನ್ನು ಮುಂದೆ ಹೇಳುತ್ತೇನೆ.

ಅಂಗಡಿ ಇರುವುದು ಕೌಲ್ ಬಜಾರಿನ ಒಳ ಓಣಿಯೊಂದರಲ್ಲಿ. ಎರಡು ಹೊಲಿಗೆ ಮಷೀನು, ಒಂದು ಓವರ್‌ಲಾಕ್, ಗೋಡೆಗೆ ತಾಗಿದ ಕಟಿಂಗ್ ಟೇಬಲ್ಲು, ಅದರ ಕೆಳಗೆ ಚಿಂದಿಯ ಮೂಟೆ. ಬೋರ್ಡಿನ ಮೇಲಿನ ಹೆಸರನ್ನು ಬಿಸಿಲು ನುಂಗಿ "ಪ್ಯಾಂಟ್ ಸ್ಪೆಷಲಿಸ್ಟ್" ಎಂಬ ಎರಡು ಪದ ಮಾತ್ರ ಉಳಿದಿವೆ. ಓಣಿಯ ಬಾಯಲ್ಲಿ ನಿಂತು ಮಾಸ್ಟರ್ ಅಂಗಡಿ ಎಲ್ಲಿ ಎಂದು ಕೇಳಿದರೆ ಒಗ್ಗರಣೆ ಮಂಡಕ್ಕಿಯ ಗಾಡಿಯವನೇ ಕೈ ತೋರಿಸುತ್ತಾನೆ.

ಬಳ್ಳಾರಿಯಲ್ಲಿ ಪ್ಯಾಂಟಿಗೆ ಬರವಿಲ್ಲ ನಿಜ. ದಂಡು ಇದ್ದ ಕಾಲದಿಂದಲೂ ಇದು ದರ್ಜಿಗಳ ಊರು ಎಂದು ಹಿರಿಯರು ಹೇಳುತ್ತಾರೆ, ಈಗ ಜೀನ್ಸಿನ ಊರು. ಮನೆಯ ಮುಂದಿನ ಕೋಣೆಯಲ್ಲಿ ನಾಲ್ಕು ಮಷೀನು ಹಾಕಿಕೊಂಡು ಒಬ್ಬರು ಜೇಬು, ಒಬ್ಬರು ಬೆಲ್ಟು, ಒಬ್ಬರು ಕಾಲು ಎಂದು ಹಂಚಿಕೊಂಡು ಹೊಲಿಯುವ ಯೂನಿಟ್ಟುಗಳು ಓಣಿ ಓಣಿಗೂ ಇವೆ. ಇಡೀ ಪ್ಯಾಂಟನ್ನು ಒಬ್ಬನೇ ಅಳೆದು, ಒಬ್ಬನೇ ಕತ್ತರಿಸಿ, ಒಬ್ಬನೇ ಹೊಲಿಯುವುದು ಮಾತ್ರ ಈಗ ಅಪರೂಪ. ನಮ್ಮ ಮಾಸ್ಟರ್ ಆ ಅಪರೂಪದವರು. ತಡವಾಗುವುದೂ ಅದಕ್ಕೇ ಎಂದು ಅವರ ವಾದ. ಪಕ್ಕದ ಚಹಾ ಅಂಗಡಿಯಲ್ಲಿ ಅವರು ಕಳೆಯುವ ಹೊತ್ತನ್ನು ನೋಡಿದವನು ನಾನು, ಪೂರ್ತಿ ಒಪ್ಪುವುದಿಲ್ಲ.

ನಾನು ಕಾಲೇಜಿನಲ್ಲಿ ಗಣಿತ ಹೇಳುವವನು. ನನ್ನ ವಿಷಯ ಅವಕಲ ಜ್ಯಾಮಿತಿ, ಎಂದರೆ ಡಿಫರೆನ್ಷಿಯಲ್ ಜಿಯೋಮೆಟ್ರಿ. ಅದರಲ್ಲೂ ಜ್ಯಾಮಿತೀಯ ವಿಶ್ಲೇಷಣೆ ಎಂಬ ಭಾಗ: ಆಕಾರಗಳ ಪ್ರಶ್ನೆಗಳನ್ನು ಬಿಸಿ ಹರಡುವ ಸಮೀಕರಣದಂಥ ಹತಾರುಗಳಿಂದ ಬಿಡಿಸುವ ಕೆಲಸ. ನೆಂಟರು ಕೇಳಿದರೆ "ಬಾಗಿದ ವಸ್ತುಗಳ ಲೆಕ್ಕ" ಎನ್ನುತ್ತೇನೆ. ನೆಂಟರು ಕೂಡಲೇ ಮಳೆಯ ವಿಷಯ ತೆಗೆಯುತ್ತಾರೆ, ಅದೂ ಬಳ್ಳಾರಿಯಲ್ಲಿ. ಮಾತು ಬದಲಿಸದೆ ಪೂರ್ತಿ ಕೇಳಿದವರು ಈ ಊರಿನಲ್ಲಿ ಒಬ್ಬರೇ, ಕಿವಿಯ ಸಂದಿಯಲ್ಲಿ ಸೀಮೆಸುಣ್ಣದ ಬಿಲ್ಲೆ ಸಿಕ್ಕಿಸಿಕೊಳ್ಳಲು ಹೋಗಿ ಬೀಳಿಸಿಕೊಳ್ಳುವ ಈ ಮನುಷ್ಯ.

ಅಂಗಡಿಯಲ್ಲಿ ಉದ್ದನೆಯ ಒಂದು ಅಳತೆ ಪುಸ್ತಕವಿದೆ. ಗಿರಾಕಿಗಳ ಪುಟ ಹರಿಯುವುದಿಲ್ಲ, ಹೊಸ ಅಳತೆ ಹಳೆಯದರ ಕೆಳಗೇ ಬರುತ್ತದೆ. ನನ್ನ ಪುಟದಲ್ಲಿ ಸೊಂಟದ ಸಾಲು ಹೀಗಿದೆ: 1999ರಲ್ಲಿ 28, 2003ರಲ್ಲಿ 28, 2006ರಲ್ಲಿ 30, 2010ರಲ್ಲಿ 33, ಈಗ 38. ನನ್ನ ವೃತ್ತಿಯ ವಿವರವನ್ನು ಯಾವ ಅರ್ಜಿಯಲ್ಲೂ ನಾನು ಇಷ್ಟು ಪ್ರಾಮಾಣಿಕವಾಗಿ ಬರೆದಿಲ್ಲ.

ಮೊದಲ ಸಾಲು ಬರೆದದ್ದು ಈಗಿನ ಮಾಸ್ಟರ್ ಅಲ್ಲ, ಅವರ ತಂದೆ. ಕಲಬುರಗಿಯಲ್ಲಿ ಎಂ.ಎಸ್ಸಿ. ಮುಗಿಸಿದ್ದೆ, ಬೆಂಗಳೂರಿನಲ್ಲಿ ಪಿಎಚ್.ಡಿ. ಸಂದರ್ಶನವಿತ್ತು. ಅಪ್ಪ ಬೂದು ಬಣ್ಣದ ಟೆರಿಕಾಟ್ ಬಟ್ಟೆ ಕೊಂಡು ನನ್ನನ್ನು ಇಲ್ಲಿಗೆ ಎಳೆದುಕೊಂಡು ಬಂದಿದ್ದರು. ಹಿರಿಯ ಮಾಸ್ಟರ್ ಅಳತೆ ಮುಗಿಸಿ, ಏನು ಓದುತ್ತೀಯಪ್ಪ ಎಂದು ಕೇಳಿದರು. ಹೇಳಿದೆ. ಅವರು ಟೇಬಲ್ಲಿನ ಮೇಲಿದ್ದ ತುಂಡು ಬಟ್ಟೆಯನ್ನು ನನ್ನ ಮುಂಗೈಗೆ ಸುತ್ತಿದರು. "ನೋಡು, ಇಲ್ಲಿ ಕೂರುತ್ತದೆ." ಅದೇ ತುಂಡನ್ನು ಮಡಿಸಿದ ಮೊಣಕೈಯ ಮೇಲೆ ಒತ್ತಿದರು. ಸುಕ್ಕು ಎದ್ದಿತು. "ಇಲ್ಲಿ ಕೂರುವುದಿಲ್ಲ. ಯಾಕೆ ಎಂದು ಅಲ್ಲಿ ಕೇಳುತ್ತಾರೆ, ಹೇಳಿಬಿಡು."

ಕೇಳಿಯೇ ಬಿಟ್ಟರು! ಸಿಲಿಂಡರ್ ಬಾಗಿದೆಯಲ್ಲ, ಅದರ ವಕ್ರತೆ ಸೊನ್ನೆ ಎಂದು ಏಕೆ ಹೇಳುತ್ತೇವೆ ಎಂಬ ಪ್ರಶ್ನೆ. ಜರ್ಮನಿಯ ಗಣಿತಜ್ಞ ಗೌಸ್ 1827ರಲ್ಲಿ ಮಂಡಿಸಿದ ಪ್ರಮೇಯದ ಹೆಸರು ನನಗೆ ಬಾಯಿಪಾಠವಿತ್ತು. ಮೇಲ್ಮೈಯನ್ನು ಹಿಗ್ಗಿಸದೆ ಕುಗ್ಗಿಸದೆ ಎಷ್ಟು ಬಾಗಿಸಿದರೂ ಬದಲಾಗದ ವಕ್ರತೆಯೊಂದು ಇದೆ ಎಂಬುದು ಅದರ ತಿರುಳು. ಆದರೆ ಬಾಯಿಗೆ ಬಂದದ್ದು ಗೌಸ್ ಅಲ್ಲ, ಮೊಣಕೈ. ಮುಂಗೈಗೆ ಬಟ್ಟೆ ಸುಕ್ಕಿಲ್ಲದೆ ಕೂರುತ್ತದೆ, ಏಕೆಂದರೆ ಅದು ಒಂದೇ ದಿಕ್ಕಿಗೆ ಬಾಗಿದೆ. ಮೊಣಕೈ ಎರಡೂ ದಿಕ್ಕಿಗೆ ಬಾಗಿದೆ ಎಂದೆ. ಎದುರು ಕೂತಿದ್ದ ಮೂವರಲ್ಲಿ ಒಬ್ಬರು ತಮ್ಮ ಅಂಗಿಯ ತೋಳನ್ನು ನೋಡಿಕೊಂಡರು. ನನ್ನ ಕೆಲಸ ಆಯಿತೆಂದು ಆಗಲೇ ಗೊತ್ತಾಯಿತು.

ಆ ಉತ್ತರ ಪೂರ್ತಿ ಸರಿಯಲ್ಲ ಎಂದು ತಿದ್ದಿದವರು ಈಗಿನ ಮಾಸ್ಟರ್, ಅದೂ ವರ್ಷಗಳ ಮೇಲೆ. ಬಟ್ಟೆ ಕಾಗದವಲ್ಲ ಸರ್ ಎಂದರು. ಜೀನ್ಸ್ ತುಂಡೊಂದನ್ನು ನನ್ನ ಕಣ್ಣೆದುರು ಹಿಡಿದರು: ಹಾಸಿನ ಎಳೆ ನೀಲಿ, ಹೊಕ್ಕಿನ ಎಳೆ ಬಿಳಿ. ಉದ್ದಕ್ಕೆ ಎಳೆದರು, ಜಗ್ಗಲಿಲ್ಲ. ಅಡ್ಡಕ್ಕೆ ಎಳೆದರು, ಜಗ್ಗಲಿಲ್ಲ. ಮೂಲೆಯಿಂದ ಮೂಲೆಗೆ ಓರೆಯಾಗಿ ಎಳೆದಾಗ ತುಂಡು ರಬ್ಬರಿನ ಹಾಗೆ ಉದ್ದವಾಯಿತು, ಅದರ ಪುಟ್ಟ ಪುಟ್ಟ ಚೌಕಗಳು ವಾಲಿ ಹರಳಿನಾಕಾರವಾದವು. ಎಳೆಗಳ ಉದ್ದ ಹಾಗೆಯೇ ಇದೆ, ನಡುವಿನ ಕೋನ ಮಾತ್ರ ಬದಲಾಗಿದೆ. ರಷ್ಯಾದ ಗಣಿತಜ್ಞ ಚೆಬಿಷೆವ್ 1878ರಲ್ಲಿ ಪ್ಯಾರಿಸ್ಸಿನಲ್ಲಿ ಬಟ್ಟೆ ಕತ್ತರಿಸುವುದರ ಬಗ್ಗೆಯೇ ಒಂದು ಉಪನ್ಯಾಸ ಕೊಟ್ಟಿದ್ದ, ಅದರ ಮೂಲ ಇದೇ. ಹಾಸು ಹೊಕ್ಕಿನ ನಡುವಿನ ಕೋನ ಜಾಗದಿಂದ ಜಾಗಕ್ಕೆ ಹೇಗೆ ಬದಲಾಗುತ್ತದೆ ಎಂದು ನೋಡಿದರೆ ಆ ಬಟ್ಟೆ ಎಷ್ಟು ವಕ್ರತೆಯನ್ನು ಹೊರಬಲ್ಲದು ಎಂದು ಲೆಕ್ಕ ಹಾಕಬಹುದು. ನೇಯ್ದ ಬಟ್ಟೆ ಅಲ್ಪಸ್ವಲ್ಪ ಉಬ್ಬನ್ನು ಸಹಿಸಿಕೊಳ್ಳುವುದು ಈ ವಾಲಾಟದಿಂದ. ಸಹನೆ ಮೀರಿದಾಗ ಕತ್ತರಿ ಬೇಕು. ಯಾವ ಗಿರಾಕಿಯ ಮೈಗೆ ಎಲ್ಲಿ ಸಹನೆ ಮೀರುತ್ತದೆ ಎಂದು ಮಾಸ್ಟರ್ ಟೇಪು ಹಿಡಿಯುವ ಮೊದಲೇ ಅಂದಾಜು ಮಾಡಿರುತ್ತಾರೆ. ನಾನು ಅದಕ್ಕೆ ಎರಡು ಪುಟದ ಸಮೀಕರಣ ಬರೆಯಬಲ್ಲೆ, ಪ್ಯಾಂಟು ಹೊಲಿಯಲಾರೆ.

ಬೆಂಗಳೂರಿನ ಮೊದಲ ವರ್ಷ ಮಾರ್ಗದರ್ಶಕರು ನನ್ನ ಕೈಗಿಟ್ಟದ್ದು ವಿಜಯ್ ಕುಮಾರ್ ಪಟೋಡಿ 1971ರಲ್ಲಿ ಪ್ರಕಟಿಸಿದ ಪ್ರಬಂಧ. ಪಟೋಡಿ ಹುಟ್ಟಿದ್ದು ಮಧ್ಯಪ್ರದೇಶದ ಗುನಾದಲ್ಲಿ, ಕೆಲಸ ಮಾಡಿದ್ದು ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ, ತೀರಿಕೊಂಡದ್ದು 1976ರಲ್ಲಿ, ವಯಸ್ಸು 31. ಮೇಲ್ಮೈಯೊಂದರ ಮೇಲೆ ಬಿಸಿ ಹೇಗೆ ಹರಡುತ್ತದೆ ಎಂದು ನೋಡಿ ಅದರ ಒಟ್ಟು ಆಕಾರವನ್ನು ಹೇಳಬಹುದು. ಎರಡು ಆಯಾಮಕ್ಕಿಂತ ಮೇಲೆ ಹೋದಾಗ ಲೆಕ್ಕದಲ್ಲಿ ಬೇಡದ ಪದಗಳ ರಾಶಿಯೇ ಬೀಳುತ್ತದೆ. ಅವೆಲ್ಲ ಪವಾಡದಂತೆ ಒಂದನ್ನೊಂದು ಹೊಡೆದುಹಾಕಿ ವಕ್ರತೆ ಮಾತ್ರ ಉಳಿಯಬಹುದೇ ಎಂದು ಮೆಕೀನ್ ಮತ್ತು ಸಿಂಗರ್ 1967ರಲ್ಲಿ ಕೇಳಿದ್ದರು. ಉಳಿಯುತ್ತದೆ ಎಂದು ಪಟೋಡಿ ಕೈಯಾರೆ ಲೆಕ್ಕ ಮಾಡಿ ತೋರಿಸಿದರು. ಮುಂದೆ ಅತಿಯಾ ಮತ್ತು ಸಿಂಗರ್ ಜೊತೆಗೆ ಅವರ ಹೆಸರೂ ಸೇರಿ ಒಂದು ಪ್ರಮೇಯವಾಯಿತು. ಆ ಪ್ರಬಂಧವನ್ನು ಹಂಪಿ ಎಕ್ಸ್‌ಪ್ರೆಸ್ಸಿನ ಮೇಲಿನ ಬರ್ತಿನಲ್ಲಿ ಮಲಗಿ ಎಷ್ಟು ಸಲ ಓದಿದ್ದೇನೋ. ಗುಂತಕಲ್ಲಿನಲ್ಲಿ ಎಚ್ಚರವಾದರೆ ಎದೆಯ ಮೇಲೆ ಪಟೋಡಿ ಇರುತ್ತಿದ್ದರು. ಬಳ್ಳಾರಿಯಲ್ಲಿ ಇಳಿದರೆ ಬಿಸಿ ಹರಡುವುದನ್ನು ಕಾಣಲು ಸಮೀಕರಣದ ಅಗತ್ಯವೇ ಇರಲಿಲ್ಲ.

2003ರ ಪ್ಯಾಂಟು ಕಂದು ಬಣ್ಣದ್ದು. ಅದಕ್ಕಾಗಿ ಕಾದದ್ದು ನಾಲ್ಕು ಗುರುವಾರ. ಆ ಕಾಯುವಿಕೆಯಲ್ಲಿ ಅಂಗಡಿಯ ಫ್ಯಾನಿನ ಕೆಳಗೆ ಕೂತು ಓದಿದ್ದು ಪೆರೆಲ್ಮನ್ ಅವರ 39 ಪುಟ. ರಷ್ಯಾದ ಗಣಿತಜ್ಞ ಗ್ರಿಗೊರಿ ಪೆರೆಲ್ಮನ್ 2002ರ ನವೆಂಬರಿನಲ್ಲಿ ಅದನ್ನು ಅಂತರ್ಜಾಲದಲ್ಲಿ ಹಾಕಿದ್ದರು. ರಾಯಲ್ ಸರ್ಕಲ್ ಬಳಿಯ ಸೈಬರ್ ಕೆಫೆಯಲ್ಲಿ ಪುಟಕ್ಕಿಷ್ಟು ಎಂದು ಕೊಟ್ಟು ಮುದ್ರಿಸಿಕೊಂಡಿದ್ದೆ. ಮಾಸ್ಟರ್ ಕೇಳಿದರು, ಇಷ್ಟೊಂದು ಗಂಭೀರವಾಗಿ ಓದುತ್ತಿದ್ದೀರಿ, ಕೋರ್ಟಿನ ಕಾಗದವೇ? ಅವರ ಕೈಯಲ್ಲಿ ಇಸ್ತ್ರಿ ಪೆಟ್ಟಿಗೆ ಇತ್ತು. ವಿವರಿಸಲು ನಾನು ಅದನ್ನೇ ಉದಾಹರಣೆಯಾಗಿ ಹಿಡಿದುಕೊಂಡೆ.

ಅಮೆರಿಕದ ಗಣಿತಜ್ಞ ರಿಚರ್ಡ್ ಹ್ಯಾಮಿಲ್ಟನ್ 1982ರಲ್ಲಿ ರಿಚಿ ಪ್ರವಾಹವನ್ನು ತಂದರು. ಬಾಗಿದ ಆಕಾರವೊಂದಕ್ಕೆ ನಿಧಾನವಾಗಿ ಇಸ್ತ್ರಿ ಹಾಕಿದ ಹಾಗೆ ಅದು. ಬಿಸಿ ಹರಡಿ ಸಮನಾಗುವಂತೆ ವಕ್ರತೆಯೂ ಹರಡಿ ಸಮನಾಗುತ್ತಾ ಹೋಗುತ್ತದೆ. ಆದರೆ ಕೆಲವು ಕಡೆ ಸಮನಾಗುವ ಬದಲು ಕುತ್ತಿಗೆಯಂತೆ ಸಪೂರವಾಗಿ ಹಿಸುಕಿಕೊಳ್ಳುತ್ತದೆ. ಆಗ ಅಲ್ಲಿ ಕತ್ತರಿಸಿ, ತೆರೆದ ಎರಡೂ ಬಾಯಿಗೆ ಟೋಪಿ ಹೊಲಿದು, ಮತ್ತೆ ಇಸ್ತ್ರಿ ಮುಂದುವರಿಸಬೇಕು. ಈ ಕತ್ತರಿ ಪ್ರಯೋಗ ಎಲ್ಲೂ ಕೈಮೀರುವುದಿಲ್ಲ ಎಂದು ಪೆರೆಲ್ಮನ್ ತೋರಿಸಿದರು. ಹಾಕಿದ ಯಾವ ಕುಣಿಕೆಯೂ ಸಿಕ್ಕಿಕೊಳ್ಳದೆ ಜಾರಿ ಬರುವ, ಅಂಚಿಲ್ಲದ ಸೀಮಿತ ಮೂರು ಆಯಾಮದ ಆಕಾರ ಗೋಳವೇ ಆಗಿರಬೇಕೇ ಎಂದು ಫ್ರಾನ್ಸಿನ ಪಾಯಿಂಕರೆ 1904ರಲ್ಲಿ ಎತ್ತಿದ್ದ ಪ್ರಶ್ನೆ ಅಲ್ಲಿಗೆ ಇತ್ಯರ್ಥವಾಯಿತು. ಮಾಸ್ಟರ್ ಎಲ್ಲ ಕೇಳಿಸಿಕೊಂಡು, "ಹಾಗಾದರೆ ಆಲ್ಟರೇಷನ್ ಎನ್ನಿ" ಎಂದರು. ಗಣಿತದಲ್ಲಿ ಅದಕ್ಕೆ ಶಸ್ತ್ರಚಿಕಿತ್ಸೆ ಎನ್ನುತ್ತಾರೆ. ಮಾಸ್ಟರ್ ಇಟ್ಟ ಹೆಸರೇ ವಾಸಿ.

ಮುಂದೆ ಪೆರೆಲ್ಮನ್ 2006ರಲ್ಲಿ ಗಣಿತದ ದೊಡ್ಡ ಗೌರವವಾದ ಫೀಲ್ಡ್ಸ್ ಪದಕ ಬೇಡ ಎಂದರು, 2010ರಲ್ಲಿ ಹತ್ತು ಲಕ್ಷ ಡಾಲರ್ ಬಹುಮಾನ ಕೂಡ ಬೇಡ ಎಂದರು. ಸುದ್ದಿ ಹೇಳಿದಾಗ ಮಾಸ್ಟರ್ ಕತ್ತರಿ ಕೆಳಗಿಟ್ಟರು. "ಕೂಲಿ ಬೇಡ ಎಂದವನ ಹೊಲಿಗೆಯನ್ನು ಮೊದಲು ಬಿಚ್ಚಿ ನೋಡಬೇಕು ಸರ್." ಜಗತ್ತಿನ ದೊಡ್ಡ ದೊಡ್ಡ ಜ್ಯಾಮಿತಿಕಾರರು ವರ್ಷಗಟ್ಟಲೆ ಬಿಚ್ಚಿ ನೋಡಿದ್ದು ಅದನ್ನೇ, ಹೊಲಿಗೆ ಗಟ್ಟಿಯಾಗಿಯೇ ಇತ್ತು ಎಂದೆ. ನನ್ನ ಪಾಲಿಗೆ ಅದು ಗಟ್ಟಿಯಾಗಿದ್ದದ್ದೇ ತೊಂದರೆಯಾಯಿತು. ನಾನು ಮಾಡಲು ಹೊರಟಿದ್ದ ಕೆಲಸದ ಮುಕ್ಕಾಲು ಪಾಲು ಆ 39 ಪುಟಗಳ ಒಂದು ಮೂಲೆಯಲ್ಲಿ ಮುಗಿದುಹೋಗಿತ್ತು. ಮಾರ್ಗದರ್ಶಕರು ವಿಷಯ ಬದಲಿಸು ಎಂದರು. ಸೋಪಿನ ಪೊರೆಯಂಥ, ಕನಿಷ್ಠ ವಿಸ್ತಾರದ ಮೇಲ್ಮೈಗಳ ಕಡೆಗೆ ಹೊರಳಿದೆ. ಎರಡು ವರ್ಷ ಹೆಚ್ಚು ಹಿಡಿಯಿತು. ಕಂದು ಪ್ಯಾಂಟಿನ ಮಂಡಿ ಸವೆದು ಹೊಳೆಯತೊಡಗಿದ್ದಾಗ ಪದವಿ ಸಿಕ್ಕಿತು.

ದಾರಿ ತಪ್ಪಿದ್ದು ಜರ್ಮನಿಯಲ್ಲಿ. 2006ರಲ್ಲಿ ಎರಡು ವರ್ಷದ ಸಂಶೋಧನಾ ಕೆಲಸಕ್ಕೆ ಹೊರಟಾಗ ಮಾಸ್ಟರ್ ದಪ್ಪ ಜೀನ್ಸೊಂದನ್ನು ಹೊಲಿದುಕೊಟ್ಟಿದ್ದರು. ಅದಕ್ಕೆ ಜೊತೆ ಬೇಕೆಂದು ಅಲ್ಲಿನ ಅಂಗಡಿಯಲ್ಲಿ ಇನ್ನೊಂದನ್ನು ಕೊಂಡೆ. ನಿಂತರೆ ಚೆನ್ನ, ಕೂತರೆ ಬೆನ್ನ ಹಿಂದೆ ಬೆಲ್ಟು ಬಾಯಿ ತೆರೆದು ಗಾಳಿ ಆಡುತ್ತಿತ್ತು. ಮೂರನೆಯ ತೊಳೆತಕ್ಕೆ ಬಲಗಾಲು ತಿರುಚಿಕೊಂಡು ಪಕ್ಕದ ಹೊಲಿಗೆ ಮೊಳಕಾಲಿನ ಮುಂದಕ್ಕೆ ಬಂದು ನಿಂತಿತು. ಜೀನ್ಸಿನ ನೇಯ್ಗೆಯೇ ಓರೆ, ಆದ್ದರಿಂದ ತೊಳೆದಾಗ ಕಾಲು ಒಂದು ಕಡೆಗೆ ತಿರುಗಲು ನೋಡುತ್ತದೆ. ಮಾಸ್ಟರ್ ಬಟ್ಟೆಯನ್ನು ಮೊದಲು ನೀರಿಗೆ ಹಾಕಿ, ಒಣಗಿಸಿ, ಎಷ್ಟು ತಿರುಗುತ್ತದೆ ಎಂದು ನೋಡಿಕೊಂಡೇ ಕತ್ತರಿ ಹಾಕುತ್ತಾರೆ. ಅವರದ್ದು ಇವತ್ತಿಗೂ ನನ್ನ ಬೀರುವಿನಲ್ಲಿದೆ, ಹೊಲಿಗೆ ನೆಟ್ಟಗಿದೆ. ಏರುವುದಿಲ್ಲ, ಆ ತಪ್ಪು ಪ್ಯಾಂಟಿನದ್ದಲ್ಲ.

ಹಿಂಭಾಗದ ಯೋಕಿನ ಬಗ್ಗೆ ಇಲ್ಲಿಯೇ ಹೇಳಬೇಕು, ಏಕೆಂದರೆ ಈ ಅಂಗಡಿಯ ಕೈಗುಣ ಕಾಣುವುದು ಅಲ್ಲಿ. ಸೊಂಟ ಸಣ್ಣ, ಸೀಟು ದಪ್ಪ. ಚಪ್ಪಟೆ ಬಟ್ಟೆಯನ್ನು ಅಲ್ಲಿ ಉಬ್ಬಿಸಬೇಕಾದರೆ ಸಾದಾ ಪ್ಯಾಂಟಿನಲ್ಲಿ ಡಾಟ್ ಹಿಡಿಯುತ್ತಾರೆ: ಕಿರಿದಾದ ತ್ರಿಕೋನವೊಂದನ್ನು ಮಡಿಸಿ ಹೊಲಿದುಬಿಡುವುದು. ಎಷ್ಟು ಡಿಗ್ರಿಯ ತ್ರಿಕೋನ ಮಾಯವಾಯಿತೋ ಡಾಟಿನ ತುದಿಯಲ್ಲಿ ಅಷ್ಟೇ ಡಿಗ್ರಿ ವಕ್ರತೆ ಹುಟ್ಟುತ್ತದೆ, ಒಂದು ಗುಂಜಿಯೂ ಹೆಚ್ಚುಕಮ್ಮಿ ಇಲ್ಲ. ಜೀನ್ಸಿನಲ್ಲಿ ಡಾಟ್ ಕಾಣುವುದಿಲ್ಲ. ಬೆಲ್ಟಿನ ಕೆಳಗೆ ಇಂಗ್ಲಿಷಿನ ವಿ ಅಕ್ಷರದಂತೆ ಬಂದು ಸೇರುವ ಪಟ್ಟಿ ಇದೆಯಲ್ಲ, ಆ ಯೋಕಿನ ಹೊಲಿಗೆಯೊಳಗೆ ಅದನ್ನು ಅಡಗಿಸಿರುತ್ತಾರೆ. ಸಾಲಾಗಿ ಹೊಲಿಯುವ ಕಡೆ ಎಲ್ಲರಿಗೂ ಒಂದೇ ಫರ್ಮಾ, ಒಂದೇ ವಿ. ಮಾಸ್ಟರ್ ಪ್ರತಿ ಗಿರಾಕಿಗೂ ಬೇರೆ ಬೇರೆ ವಿ ಕತ್ತರಿಸುತ್ತಾರೆ. ನನ್ನದು ಎಡಕ್ಕಿಂತ ಬಲಕ್ಕೆ ಸುಮಾರು ಕಾಲು ಇಂಚು ಇಳಿದಿದೆ. ಇಪ್ಪತ್ತು ವರ್ಷ ಬಲ ಭುಜಕ್ಕೆ ಪುಸ್ತಕದ ಚೀಲ ಹೊತ್ತು ನನ್ನ ಮೈ ಒಂದು ಕಡೆ ವಾಲಿದೆ ಎಂದು ನನಗೆ ತಿಳಿದದ್ದು ಆ ಕಾಲು ಇಂಚಿನಿಂದ.

2010ರ ಕಪ್ಪು ಪ್ಯಾಂಟಿನ ಕಾಲವನ್ನು ಬೇಗ ದಾಟಿಬಿಡುತ್ತೇನೆ. ಅಮ್ಮನಿಗೆ ಕಾಲು ಬಾರದಾಯಿತು, ಊರಿಗೆ ಮರಳಿದೆ. ಕೆಲವು ವರ್ಷ ಅತಿಥಿ ಉಪನ್ಯಾಸಕ. ಅತಿಥಿಗೆ ಸಂಬಳ ಬರುವುದು ತಿಂಗಳಿಗಲ್ಲ, ಋತುವಿಗೊಮ್ಮೆ. ನನ್ನ ಪ್ರಬಂಧಗಳನ್ನು ತೂಗಿದ ಒಂದು ಸಮಿತಿ, ಹೆಸರು ಬೇಡ, ಹಣ ಕೊಟ್ಟು ಅಚ್ಚು ಹಾಕಿಸಿದ ಹನ್ನೆರಡು ಪ್ರಬಂಧದವರಿಗೆ ನನ್ನ ಏಳಕ್ಕಿಂತ ಹೆಚ್ಚು ಅಂಕ ಕೊಟ್ಟಿತು. ಮಾಸ್ಟರ್ ಆ ವರ್ಷ ಕೂಲಿಯನ್ನು ಬರೆದಿಟ್ಟುಕೊಂಡರು, ಕೇಳಲಿಲ್ಲ. ಕಾಯಂ ಆದ ಮೇಲೆ ಕೊಡಲು ಹೋದರೆ ಪುಸ್ತಕ ತೆರೆದು ನೋಡಿ, ಹಳೆಯ ದರದಲ್ಲೇ ತೆಗೆದುಕೊಂಡರು.

ಈಗ ಕಳೆದ ವರ್ಷದ ಸಂಗತಿ. ಗಣಿತದಲ್ಲಿ ಪ್ಯಾಂಟು ಎಂಬುದು ತಾಂತ್ರಿಕ ಪದ, ತಮಾಷೆಯಲ್ಲ. ಮೂರು ತೂತಿರುವ ಗೋಳಕ್ಕೆ ಆ ಹೆಸರು: ಮೇಲೆ ಸೊಂಟದ ತೂತು, ಕೆಳಗೆ ಕಾಲಿನವು ಎರಡು. ಎರಡು ಅಥವಾ ಅದಕ್ಕಿಂತ ಹೆಚ್ಚು ಹಿಡಿಗಳಿರುವ ಪಾತ್ರೆಯಂಥ ಎಷ್ಟು ತೊಡಕಿನ ಮೇಲ್ಮೈಯನ್ನಾದರೂ ಇಂಥ ಪ್ಯಾಂಟುಗಳಾಗಿ ಬಿಡಿಸಬಹುದು. ಗೌಸ್ ಮತ್ತು ಬೊನೆ ಅವರ ಹೆಸರಿನ ಪ್ರಮೇಯದ ಪ್ರಕಾರ, ಸೊಂಟದ ಅಂಚೂ ಕಾಲಿನ ಅಂಚುಗಳೂ ಬಟ್ಟೆಯ ಮೇಲೆ ನೇರವಾಗಿದ್ದರೆ, ಪ್ಯಾಂಟಿನ ಒಟ್ಟು ವಕ್ರತೆ ಯಾವಾಗಲೂ ಋಣ 360 ಡಿಗ್ರಿ. ಯಾರು ಹೊಲಿದರೂ ಅಷ್ಟೇ. ಬಿ.ಎಸ್ಸಿ. ಮಕ್ಕಳಿಗೆ ತೋರಿಸಲು ಹಳೆಯ ಕ್ಯಾಲೆಂಡರಿನಿಂದ ಒಂದೇ ಅಳತೆಯ ಎರಡು ಪ್ಯಾಂಟಿನಾಕಾರ ಕತ್ತರಿಸಿದ್ದೆ. ಕಾಲುಗಳ ನಡುವೆ ಬರಿಯ ಒಂದು ಸೀಳು. ಎರಡನ್ನೂ ಒಂದರ ಮೇಲೊಂದಿಟ್ಟು ಪಕ್ಕದ ಅಂಚುಗಳನ್ನೂ ಸೀಳಿನ ಅಂಚುಗಳನ್ನೂ ಅಂಟಿಸಿದರೆ ಆಯಿತು. ಕಾಲು ಕವಲೊಡೆಯುವ ತುದಿಯಲ್ಲಿ ಮುಂದಿನ ಹಾಳೆ 360 ಡಿಗ್ರಿ, ಹಿಂದಿನದು 360, ಒಟ್ಟು 720. ಚಪ್ಪಟೆ ಜಾಗದಲ್ಲಿ ಒಂದು ಬಿಂದುವಿನ ಸುತ್ತ ಇರಬೇಕಾದದ್ದು 360. ಡಾಟಿನಂತೆ ಕೋನ ಕಡಿಮೆಯಾದರೆ ವಕ್ರತೆ ಧನ, ಹೆಚ್ಚಾದರೆ ಋಣ. ಹೆಚ್ಚಾದ 360 ಎಲ್ಲವೂ ಆ ಒಂದು ತುದಿಯಲ್ಲೇ ಇದೆ, ಉಳಿದ ಕಡೆ ಸೊನ್ನೆ. ಲೆಕ್ಕ ಸರಿಹೋಯಿತು.

ದಾರಿಯಲ್ಲಿ ಅಂಗಡಿಗೆ ಹೋದೆ, ಜಂಬದಿಂದ ತೋರಿಸಿದೆ. ಮಾಸ್ಟರ್ ಎರಡು ಬೆರಳನ್ನು ಕಾಗದದ ಕಾಲುಗಳೊಳಗೆ ತೂರಿಸಿ, ಬೆರಳನ್ನು ಮಡಿಸಿ ಟೇಬಲ್ಲಿನ ಮೇಲೆ ಕೂರಿಸಲು ನೋಡಿದರು. ಪರ್ರ್ ಎಂದು ಹರಿಯಿತು.

"ಸರ್, ಇದನ್ನು ಹಾಕಿಕೊಂಡು ಕೂರಲಾಗುವುದಿಲ್ಲ."

"ಲೆಕ್ಕ ಸರಿಯಿದೆ ಮಾಸ್ಟರ್."

"ಲೆಕ್ಕ ಸರಿಯಿದೆ. ಎಲ್ಲ ಒಂದೇ ಕಡೆ ಗುಡ್ಡೆ ಹಾಕಿದ್ದೀರಿ. ಹಂಚಬೇಕಲ್ಲ?"

ಕಟಿಂಗ್ ಟೇಬಲ್ಲಿನ ಮೇಲೆ ನನ್ನ 38 ಇಂಚಿನ ಬಟ್ಟೆ ಹರಡಿತ್ತು. ಹಿಂದಿನ ತುಂಡಿನ ಕವಲಿನ ಗೀಟನ್ನು ಅವರು ಮುಂದಿನದಕ್ಕಿಂತ ಉದ್ದವಾಗಿ, ಕೊಡಲಿಯ ಹಿಡಿಯಂತೆ ಬಾಗಿಸಿ ಎಳೆದಿದ್ದರು. ಬಿಲ್ಲೆಯಿಂದ ಹೊಟ್ಟೆಯ ಜಾಗ ತೋರಿಸಿದರು. "ಇಲ್ಲಿ ನಿಮಗೆ ಹೆಚ್ಚು ಕೊಡಬೇಕು. ಇಲ್ಲಿ ಕೊಟ್ಟದ್ದನ್ನು ಬೇರೆ ಕಡೆ ತೆಗೆಯಲೇಬೇಕು. ಕವಲಿನಲ್ಲೇ ಎಲ್ಲ ತೆಗೆದರೆ ಕೂರುವಾಗ ಹರಿಯುತ್ತದೆ, ಹಿಂದಿನ ಸೊಂಟದ ಗುಳಿಯಲ್ಲಿ ಸ್ವಲ್ಪ, ತೊಡೆಯ ಒಳಗೆ ಸ್ವಲ್ಪ. ಕೂಡಿಸಿದರೆ ಅಷ್ಟೇ ಬರುತ್ತದೆ."

ಕೂಡಿಸಿದರೆ ಅಷ್ಟೇ ಬರುತ್ತದೆ! ಉಬ್ಬಿಗೆ ಧನ, ಕುದುರೆಯ ಜೀನಿನಂಥ ಗುಳಿಗೆ ಋಣ, ಒಟ್ಟು ಮೊತ್ತ ಕದಲುವುದಿಲ್ಲ. ಪ್ರಮೇಯದ ಈ ಅರ್ಧವನ್ನು ನಾನು ವರ್ಷಕ್ಕೊಮ್ಮೆ ಕಪ್ಪು ಹಲಗೆಯ ಮೇಲೆ ಸಾಧಿಸಿ, ಕೆಳಗೆ ಎರಡು ಗೀಟು ಎಳೆದು, ಕೈ ಕೊಡವಿಕೊಳ್ಳುತ್ತೇನೆ. ಮೊತ್ತ ಗೊತ್ತಾದ ಮೇಲೆ ಅದನ್ನು ಮೈಯ ಮೇಲೆ ಎಲ್ಲೆಲ್ಲಿ ಎಷ್ಟೆಷ್ಟು ಹಂಚುವುದು ಎಂಬುದೇ ನಿಜವಾದ ಪ್ರಶ್ನೆ. ಜ್ಯಾಮಿತೀಯ ವಿಶ್ಲೇಷಣೆ ಎಂಬ ಶಾಖೆ ಬೆಳೆದದ್ದರಲ್ಲಿ ಅದರ ಪಾಲು ದೊಡ್ಡದು. ಕೊಟ್ಟ ವಕ್ರತೆಯ ಹಂಚಿಕೆಗೆ ತಕ್ಕ ಮೇಲ್ಮೈ ಇದೆಯೇ ಎಂದು ಕೇಳಿ, ಅದಕ್ಕೊಂದು ಸಮೀಕರಣ ಬರೆದು, ಪರಿಹಾರವಿದೆ ಎಂದು ಸಾಧಿಸಲು ಜನ ತಲೆಮಾರುಗಳನ್ನು ಸವೆಸಿದ್ದಾರೆ. ಗಣಿತಜ್ಞ ಶಿಂಗ್-ತುಂಗ್ ಯಾವ್ ಅವರು ಕಲಾಬಿ ಎಂಬ ಇನ್ನೊಬ್ಬ ಗಣಿತಜ್ಞರ ಊಹೆಯನ್ನು ಸಾಧಿಸಿ 1982ರ ಫೀಲ್ಡ್ಸ್ ಪದಕದವರೆಗೆ ಹೋದದ್ದು ಈ ದಾರಿಯ ಎತ್ತರದ ತುದಿಯಲ್ಲಿ. ತಗ್ಗಿನ ತುದಿಯಲ್ಲಿ ನನ್ನ ಏಳು ಪ್ರಬಂಧಗಳಿವೆ, ಎಂಟನೆಯದಕ್ಕೆ ಪ್ರೇರಣೆ ಆ ಹರಿದ ಕಾಗದ. ಕೃತಜ್ಞತೆಯ ಸಾಲಿನಲ್ಲಿ ಬಳ್ಳಾರಿಯ ದರ್ಜಿಯೊಬ್ಬರಿಗೆ ಎಂದು ಬರೆದಿದ್ದೇನೆ. ಹೆಸರು ಹಾಕಬೇಡಿ, ತೆರಿಗೆಯವರು ಬರುತ್ತಾರೆ ಎಂದರು.

ಆ 38ರ ಪ್ಯಾಂಟಿನ ವಿಮರ್ಶೆ ಹೀಗಿದೆ. ನೀಲಿ ಜೀನ್ಸ್, ಬಟ್ಟೆ ನನ್ನದೇ, ಹೊಲಿಗೆ ಕೂಲಿ 550 ರೂಪಾಯಿ. ಪಂಕ್ತಿಯ ಊಟಕ್ಕೆ ನೆಲದ ಮೇಲೆ ಪದ್ಮಾಸನ ಹಾಕಿದರೂ ಎಲ್ಲೂ ಹಿಡಿಯುವುದಿಲ್ಲ, ಬೈಕಿನಲ್ಲಿ ಹೊಸಪೇಟೆಯವರೆಗೆ ಹೋಗಿ ಬಂದಿದ್ದೇನೆ. ಬೆಲ್ಟಿಲ್ಲದೆ ನಿಲ್ಲುತ್ತದೆ. ಹಾಕಿಕೊಂಡಾಗ ಹೊಟ್ಟೆ ಇಲ್ಲವೆಂದು ಅನ್ನಿಸುವುದಿಲ್ಲ, ಇದ್ದರೂ ಪರವಾಗಿಲ್ಲ ಅನ್ನಿಸುತ್ತದೆ. ಕೊರತೆಗಳೂ ಇವೆ. ಜೇಬು ಆಳ ಸಾಲದು, ಇವತ್ತಿನ ಮೊಬೈಲು ಅರ್ಧ ಹೊರಗೆ ಇಣುಕುತ್ತದೆ. ಮಾಸ್ಟರ್ ಅವರ ಜೇಬಿನ ಫರ್ಮಾ ಇನ್ನೂ ಬೀಡಿ ಕಟ್ಟಿನ ಕಾಲದ್ದು. ಜಿಪ್ಪು ಅಗ್ಗದ್ದು ಹಾಕುತ್ತಾರೆ, ಒಳ್ಳೆಯದು ಬೇಕಾದರೆ ನೀವೇ ತಂದುಕೊಡಿ. ತಾಮ್ರದ ರಿವಿಟ್ಟು ಒಂದು ಕಡೆ ಮರೆತಿದ್ದರು, ಕೇಳಿದ ಮೇಲೆ ಹೊಡೆದುಕೊಟ್ಟರು. ಕಾಲಿನ ಉದ್ದ ಕಡಿಮೆ ಮಾಡುವಂಥ ಸಣ್ಣ ರಿಪೇರಿಗೆ 60 ರೂಪಾಯಿ, ಅದಕ್ಕೂ ಗುರುವಾರವೇ. ಟ್ರಯಲ್ಲಿಗೆ ಕೋಣೆ ಇಲ್ಲ, ಒಂದು ಪರದೆ ಇದೆ, ಕರೆಂಟು ಹೋದರೆ ಅದನ್ನೂ ಸರಿಸಿಬಿಡುತ್ತಾರೆ. ಟ್ರಯಲ್ ಎಂದರೆ ಕನ್ನಡಿಯ ಮುಂದೆ ನಿಲ್ಲುವುದಲ್ಲ. ಮೊದಲು ಸ್ಟೂಲಿನ ಮೇಲೆ ಕೂರಬೇಕು, ಆಮೇಲೆ ಅದೇ ಸ್ಟೂಲಿನ ಮೇಲೆ ಹತ್ತಬೇಕು, ಕೊನೆಗೆ ಕುಕ್ಕರಗಾಲಿನಲ್ಲಿ ಕೂರಬೇಕು. ಓಣಿಯಲ್ಲಿ ಹೋಗುವವರು ನೋಡುತ್ತಾರೆ, ಅದಕ್ಕೆ ತಯಾರಾಗಿ ಹೋಗಿ. ಬೆಳಿಗ್ಗೆ ಹತ್ತೂವರೆಗೆ ಮೊದಲು ಹೋಗಬೇಡಿ, ಬೇಸಿಗೆಯಲ್ಲಿ ಮಧ್ಯಾಹ್ನ ಎರಡರಿಂದ ನಾಲ್ಕರವರೆಗಂತೂ ಬೇಡವೇ ಬೇಡ. ಆಗ ಕಟಿಂಗ್ ಟೇಬಲ್ಲಿನ ಮೇಲೆ ಬಟ್ಟೆ ಇರುವುದಿಲ್ಲ, ಮಾಸ್ಟರ್ ಮಲಗಿರುತ್ತಾರೆ. ಐದಕ್ಕೆ ನಾಲ್ಕು ಕೊಡುತ್ತೇನೆ. ಉಳಿದ ಒಂದನ್ನು ಜೇಬು ನುಂಗಿತು.

ಆ ಎಂಟನೆಯ ಪ್ರಬಂಧ ಒಂದು ಪತ್ರಿಕೆಯ ಪರಿಶೀಲಕರ ಬಳಿ ಹದಿನಾಲ್ಕು ತಿಂಗಳಿಂದ ಕೂತಿದೆ. ಮೊನ್ನೆ ಹೊಸ ಬಟ್ಟೆ ಕೊಡಲು ಹೋದಾಗ ಮಾಸ್ಟರ್ ಅದನ್ನೇ ವಿಚಾರಿಸಿದರು.

"ನಿಮ್ಮ ಪೇಪರ್ ಬಂತೇ ಸರ್?"

"ಇನ್ನೂ ಇಲ್ಲ ಮಾಸ್ಟರ್."

ಅವರು ಟೇಪನ್ನು ಕೊರಳಿಗೆ ಹಾಕಿಕೊಂಡು, ಅಳತೆ ಪುಸ್ತಕದಲ್ಲಿ ನನ್ನ ಪುಟ ಹುಡುಕುತ್ತಾ, "ಗುರುವಾರ ನೋಡಿ" ಎಂದರು.